ಚರ್ಮದ್ದು ತಾನೇ ಅಂತಾರೆ

ಚರ್ಮದ ಕ್ಯಾನ್ಸರ್ ಇದೆಯಾ ಅಂತ ತುಂಡು ತೆಗೆದು ನೋಡುವ ಬಯಾಪ್ಸಿಯ ರಿಪೋರ್ಟು ಬರುವುದು ಇಂಗ್ಲಿಷಿನಲ್ಲಿ. ಶ್ರೀನಿವಾಸಪುರದ ಕಡೆಯ ಹಳ್ಳಿಮನೆಯಲ್ಲಿ ಅದನ್ನು ಮೊದಲು ಓದುವುದು ಪಿಯುಸಿ ಮುಗಿಸಿದ ಮಗನೋ ಮಗಳೋ. ಅರ್ಥವಾಗದ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಾರೆ, ಸಾಲಾಗಿ ಬರುವ ಚಿತ್ರಗಳನ್ನು ಕಂಡು ಎದೆ ಧಸಕ್ಕೆನ್ನುತ್ತದೆ, ಮಂಚದ ಮೇಲೆ ಕೂತ ಅಪ್ಪನಿಗೆ "ಏನಿಲ್ಲ ಕಣಪ್ಪ, ಏನೋ ಸಣ್ಣ ಗಂಟಂತೆ" ಅಂದುಬಿಡುತ್ತಾರೆ. ಅಪ್ಪನಿಗೆ ಮಕ್ಕಳ ಮುಖ ನೋಡಿಯೇ ಗೊತ್ತಾಗಿರುತ್ತದೆ. ಅಲ್ಲಿಂದ ತಿಂಗಳುಗಟ್ಟಲೆ ಎರಡೂ ಕಡೆ ನಟನೆ. ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ.

ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಅನುಮಾನವಿಲ್ಲ. ಆದರೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಗೇಟಿನ ಬಳಿ ಬಸ್ಸಿಳಿದ ಮನುಷ್ಯನಿಗೆ ತಾನು ಯಾಕೆ ಬಂದಿದ್ದೇನೆಂದು ಯಾರೂ ಹೇಳಬೇಕಾಗಿಲ್ಲ. ಆಗ ಅವನಿಗೆ ಉಳಿಯುವುದು ಒಂದೇ ಲೆಕ್ಕ: "ಹೇಳದೆ ಮುಚ್ಚಿಟ್ಟಿದ್ದಾರೆ ಅಂದ್ರೆ ಕೈ ಮೀರಿದೆ." ನಿಜದಲ್ಲಿ ಅವನದು ಪೂರ್ತಿ ವಾಸಿಯಾಗುವ ಬಗೆಯದೇ ಆಗಿರಬಹುದು. ಹೇಳುವ ಕೆಲಸವನ್ನು ಮನೆಯವರು ತಲೆಯ ಮೇಲೆ ಹೊರದೆ ಡಾಕ್ಟರಿಗೆ ಬಿಡುವುದು ಒಳ್ಳೆಯದು. ಅನುಭವಿ ಡಾಕ್ಟರು ನೇರವಾಗಿ ಹೆಸರು ಹೇಳಿಬಿಡುವುದಿಲ್ಲ. ಮೊದಲು "ನಿಮಗೇನಾಗಿದೆ ಅಂತ ನಿಮಗನ್ನಿಸುತ್ತೆ ಯಜಮಾನ್ರೇ?" ಅಂತ ಕೇಳುತ್ತಾರೆ. ಆಮೇಲೆ "ಎಲ್ಲಾ ವಿವರ ನಿಮಗೇ ಹೇಳಲಾ?" "ಮಗನ ಹತ್ರ ಮಾತಾಡಿ ಸಾರ್, ನಂಗ್ಯಾಕೆ" ಅಂದರೆ ಅದೂ ಅವರ ಹಕ್ಕು. ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಇಂಥ ವಿಷಯವನ್ನು ಮನೆಮಾತಿನಲ್ಲಿ ಹೇಳಬಲ್ಲವರು ಇದ್ದಾರಾ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಲು ಸಂಕೋಚ ಬೇಡ.

ಈ ಕಾಯಿಲೆಯಲ್ಲಿ ಹೆದರಿಕೆಯ ತೂಕಕ್ಕೂ ಅಪಾಯದ ತೂಕಕ್ಕೂ ತಾಳೆಯೇ ಆಗುವುದಿಲ್ಲ. ಮನಸ್ಸಿನ ಅರ್ಧ ತೊಂದರೆ ಅಲ್ಲೇ ಇದೆ. ಮೂಗಿನ ಪಕ್ಕ, ಕಣ್ಣಿನ ಕೆಳಗೆ ಬರುವ ಬೇಸಲ್ ಸೆಲ್ ಕಾರ್ಸಿನೋಮ ಅನ್ನುವ ಬಗೆ ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಅಂಚು ಸಮೇತ ಕತ್ತರಿಸಿ ತೆಗೆದರೆ ಬಹುಪಾಲು ಅಲ್ಲಿಗೆ ಮುಗಿಯಿತು. ಆದರೂ ಕ್ಯಾನ್ಸರ್ ಅನ್ನುವ ಪದ ಕೇಳಿ ಜಮೀನಿನ ಪತ್ರ ಹುಡುಕಲು ಶುರುಮಾಡುವವರಿದ್ದಾರೆ. ಇನ್ನೊಂದು ತುದಿಯಲ್ಲಿ ಅಂಗಾಲಿನ ಕಪ್ಪು ಕಲೆ. ಆಣಿ ಅಂತ ಬ್ಲೇಡಿನಲ್ಲಿ ಕೆತ್ತುತ್ತಾರೆ, ಮುಳ್ಳು ಮುರಿದಿದೆ ಅಂತ ಸೂಜಿ ಹಾಕುತ್ತಾರೆ, ಉಗುರಿನಡಿಯದಾದರೆ ಕಲ್ಲು ಎಡವಿ ರಕ್ತ ಕಟ್ಟಿದೆ ಅಂದುಕೊಳ್ಳುತ್ತಾರೆ. ಅದು ಮೆಲನೋಮ, ಅಂದರೆ ಬೇಗ ಹರಡುವ ಬಗೆಯ ಚರ್ಮದ ಕ್ಯಾನ್ಸರ್, ಆಗಿದ್ದರೆ ಆ ವರ್ಷವೆಲ್ಲ "ಚರ್ಮದ್ದು ತಾನೇ" ಅನ್ನುವ ಮಾತಿನಲ್ಲಿ ಕಳೆದುಹೋಗಿರುತ್ತದೆ.

ಹಾಗಾಗಿ ಸಮಾಧಾನದ ಮಾತಿಗಿಂತ ಮುಂಚೆ ಬೇಕಾದದ್ದು ಒಂದು ನೋಟ್ ಬುಕ್ಕು. ರಿಪೋರ್ಟು ಹಿಡಿದು ಡಾಕ್ಟರ ಮುಂದೆ ಕೂತಾಗ ನಾಲ್ಕು ವಿಷಯ ಕೇಳಿ ಕನ್ನಡದಲ್ಲೇ ಬರೆದುಕೊಳ್ಳಿ. ಯಾವ ಬಗೆ: ಬೇಸಲ್ ಸೆಲ್ಲಾ, ಸ್ಕ್ವೇಮಸ್ ಸೆಲ್ಲಾ, ಮೆಲನೋಮವಾ. ಎಷ್ಟು ಆಳ: ಮೆಲನೋಮದಲ್ಲಿ ಇದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, 1 ಮಿ.ಮೀ. ಒಳಗಿನದಕ್ಕೂ 4 ಮಿ.ಮೀ. ದಾಟಿದ್ದಕ್ಕೂ ಅಜಗಜಾಂತರ. ಕತ್ತರಿಸಿದ ಅಂಚಿನಲ್ಲಿ ಏನಾದರೂ ಉಳಿದಿದೆಯಾ. ತೊಡೆಸಂದು, ಕಂಕುಳು, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯಾ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮೊಬೈಲು ತೆಗೆಯುವ ಬದಲು ಈ ಹಾಳೆ ತೆಗೆದರೆ ಮನಸ್ಸು ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಅದರಲ್ಲಿ ಬರೆದಿರುವುದು ತನ್ನ ಕಾಯಿಲೆ. ಮೊಬೈಲಿನಲ್ಲಿ ಸಿಗುವುದು ಊರಿನವರೆಲ್ಲರ ಕಾಯಿಲೆ. ಬಯಾಪ್ಸಿಗೆ ತುಂಡು ತೆಗೆದ ದಿನವೇ ರಿಪೋರ್ಟು ಯಾವತ್ತು ಬರುತ್ತದೆ, ಯಾರು ತಿಳಿಸುತ್ತಾರೆ ಎಂದು ಕೇಳಿ ಬರೆದುಕೊಂಡರೆ ನಡುವಿನ ವಾರ, ಹತ್ತು ದಿನದ ಕಾಯುವಿಕೆ ಸ್ವಲ್ಪ ತಡೆಯಬಹುದಾದದ್ದಾಗುತ್ತದೆ. "ಕತ್ತಿ ತಾಗಿದ್ರೆ ಹರಡುತ್ತೆ" ಅನ್ನುವ ಮಾತು ಊರಲ್ಲಿ ಬಲವಾಗಿದೆ. ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ತಡಮಾಡಿದ್ದರಿಂದ.

ಆಮೇಲೆ ಬರುವುದು ತಪ್ಪು ಯಾರದು ಎಂಬ ಪ್ರಶ್ನೆ. ಇದು ಹೆದರಿಕೆಗಿಂತ ಹೆಚ್ಚು ದಿನ ಉಳಿಯುತ್ತದೆ. "ಜೀವಮಾನವೆಲ್ಲಾ ಬಿಸಿಲಲ್ಲಿ ಟೊಮೆಟೊ ಬಿಡಿಸಿದ್ದಕ್ಕೇ ಬಂತು" ಅನ್ನುತ್ತಾರೆ, ಅಂಗಾಲಿನಲ್ಲಿ ಮೆಲನೋಮ ಇರುವವರೂ. ನಮ್ಮಂಥ ಕಂದು ಬಣ್ಣದವರಲ್ಲಿ ಮೆಲನೋಮ ಹೆಚ್ಚಾಗಿ ಕಾಣುವುದೇ ಅಂಗಾಲು, ಅಂಗೈ, ಉಗುರಿನಡಿ. ಬಿಸಿಲು ಬೀಳದ ಜಾಗ, ಬಿಸಿಲು ಅದಕ್ಕೆ ಮುಖ್ಯ ಕಾರಣವೂ ಅಲ್ಲ. 1981ರಲ್ಲಿ ತೀರಿಕೊಂಡ ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೂ ಶುರುವಾದದ್ದು ಕಾಲ್ಬೆರಳ ಉಗುರಿನಡಿಯೇ. ಸ್ಕ್ವೇಮಸ್ ಸೆಲ್ ಬಗೆಯದು ನಮ್ಮಲ್ಲಿ ಎಷ್ಟೋ ಸಲ ಹಳೆಯ ಸುಟ್ಟ ಗಾಯದ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ ಏಳುತ್ತದೆ. ಸುಟ್ಟದ್ದಕ್ಕೂ ಇದಕ್ಕೂ ನಡುವೆ ಇಪ್ಪತ್ತು, ಮೂವತ್ತು ವರ್ಷ ಕಳೆದಿರಬಹುದು. ಅಷ್ಟು ಹೊತ್ತಿಗೆ ಮಗುವನ್ನು ಒಲೆ ಮುಂದೆ ಬಿಟ್ಟ ತಾಯಿಗೆ ವಯಸ್ಸಾಗಿರುತ್ತದೆ, ಅವಳೂ ಮೂಲೆಯಲ್ಲಿ ಕೂತು ಇದನ್ನೇ ನೆನೆಯುತ್ತಿರುತ್ತಾಳೆ. ಆ ಮನೆಯಲ್ಲಿ ಮಾತಾಡಿಸಬೇಕಾದವರು ಇಬ್ಬರು.

ಚರ್ಮ ಅಂದರೆ ನಾಗದೋಷ ಅನ್ನುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಅರಳಿಕಟ್ಟೆಯ ಸುತ್ತ ನಿಂತಿರುವ ನಾಗರಕಲ್ಲುಗಳ ರಾಶಿಯೇ ಸಾಕ್ಷಿ. ಹೋಗಿ ಬರುವುದರಲ್ಲಿ ತಪ್ಪಿಲ್ಲ. ಕೈಮುಗಿದು ಬಂದವರ ಎದೆಭಾರ ಇಳಿಯುತ್ತದೆ, ಅದನ್ನು ಕಸಿದುಕೊಳ್ಳುವ ಡಾಕ್ಟರಿಗೆ ನಾಳೆ ರೋಗಿ ಯಾವ ವಿಷಯವನ್ನೂ ಹೇಳುವುದಿಲ್ಲ. ಎರಡು ಷರತ್ತು ಮಾತ್ರ. ಆಪರೇಷನ್ ತಾರೀಖು ಹರಕೆಗಾಗಿ ಮುಂದೆ ಹೋಗಬಾರದು. ತೆರೆದ ಗಾಯದ ಮೇಲೆ ಅರಿಶಿನ, ಹುತ್ತದ ಮಣ್ಣು, ಸೊಪ್ಪಿನ ರಸ ಬೀಳಬಾರದು. ಗಡ್ಡೆ ತೆಗೆದ ಜಾಗಕ್ಕೆ ಮೈಯ ಬೇರೆ ಕಡೆಯಿಂದ ತಂದು ಕಸಿಮಾಡಿದ ಚರ್ಮ ಹಿಡಿಯದೆ ಹೋಗಲು ಸೋಂಕು ಒಂದು ದೊಡ್ಡ ಕಾರಣ. ಕಸಿ ಕೆಟ್ಟು ಎರಡನೇ ಸಲ ಥಿಯೇಟರಿಗೆ ಹೋಗಬೇಕಾದಾಗ ಮನಸ್ಸು ಕುಸಿಯುವುದು ಮೊದಲ ಸಲಕ್ಕಿಂತ ಹೆಚ್ಚು. "ನಂಜು" ಅಂತ ಮೊಟ್ಟೆ, ಮಾಂಸ, ಅವರೆಕಾಳು ಎಲ್ಲಾ ನಿಲ್ಲಿಸಿ ಬರೀ ಗಂಜಿ ಕೊಡುವುದೂ ಇದೇ ಸಾಲಿನದು. ಗಾಯ ಕೂಡಲು ಪ್ರೋಟೀನು ಬೇಕು. ಹುರುಳಿ ಬಸ್ಸಾರು, ಹಿತಕಿದ ಬೇಳೆ, ದಿನಕ್ಕೊಂದು ಮೊಟ್ಟೆ ಧಾರಾಳವಾಗಿ ಕೊಡಬಹುದು. ಮನೆಮಂದಿಯ ಜೊತೆ ಒಂದೇ ಪಂಕ್ತಿಯಲ್ಲಿ, ಅದೇ ಸಾರು. ಬೇರೆ ತಟ್ಟೆ, ಬೇರೆ ಲೋಟ ಇಟ್ಟ ದಿನ ಆ ಮನುಷ್ಯ ಒಳಗೆ ಸಾಯುತ್ತಾನೆ. ಈ ಕಾಯಿಲೆ ಅಂಟುವುದಿಲ್ಲ. ಹೊರಗಿನಿಂದ ಯಂತ್ರದಲ್ಲಿ ಕರೆಂಟು (ರೇಡಿಯೇಷನ್) ಕೊಡಿಸಿಕೊಂಡು ಬಂದವರ ಮೈಯಿಂದಲೂ ಏನೂ ಹೊರಬರುವುದಿಲ್ಲ, ಮೊಮ್ಮಕ್ಕಳು ತೊಡೆಯ ಮೇಲೆ ಕೂರಬಹುದು.

ಹೊಟ್ಟೆಯೊಳಗಿನ ಗಡ್ಡೆಯನ್ನು ಸೆರಗಿನಡಿ ಮುಚ್ಚಿಕೊಂಡು ಮದುವೆಮನೆಗೆ ಹೋಗಬಹುದು. ಮೂಗಿನ ತುದಿ ಹೋದವರು ಏನು ಮುಚ್ಚಿಯಾರು? ನೋಡಿದವರು ಮೊದಲು ಅಂದುಕೊಳ್ಳುವುದು ಕುಷ್ಠ, ಇಲ್ಲವೇ ತೊನ್ನು. ಅಂಗಾಲಿನಲ್ಲಿ ಕಸಿಯಾದವರಿಗೆ ಮೆತ್ತನೆಯ ರಬ್ಬರ್ ಅಡಿಯ ಎಂಸಿಆರ್ ಚಪ್ಪಲಿ ಬರೆದುಕೊಟ್ಟರೆ, ಅದು ಕುಷ್ಠರೋಗದ ಚಪ್ಪಲಿ ಅಂತ ಊರಿನವರಿಗೆ ಗೊತ್ತು ಅನ್ನುವ ಕಾರಣಕ್ಕೆ ಅಟ್ಟದ ಮೇಲೆ ಎಸೆದು ಹವಾಯಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಸ್ಪರ್ಶವಿಲ್ಲದ ಕಸಿಚರ್ಮ ಹುಣ್ಣಾಗುವುದು ಹೀಗೆ. ಮೇಲಿನ ಪಟ್ಟಿಯನ್ನು ಚಮ್ಮಾರರ ಹತ್ತಿರ ಬದಲಿಸಿಕೊಂಡರೆ ಸಾಮಾನ್ಯ ಸ್ಯಾಂಡಲಿನ ಹಾಗೇ ಕಾಣುತ್ತದೆ, ಅಡಿ ಮೆತ್ತಗಿದ್ದರೆ ಸಾಕು.

ಜನರ ಪ್ರಶ್ನೆಗೆ ಉತ್ತರವನ್ನು ಮೊದಲೇ ತಯಾರಿಟ್ಟುಕೊಳ್ಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಮನೆಯಿಂದ ಹೊರಬರುವ ಧೈರ್ಯ ಹೆಚ್ಚಾಗಿ ಅದರಿಂದಲೇ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ: "ಗಂಟಿತ್ತು, ತೆಗೆಸಿದೆ, ಈಗ ವಾಸಿ." ಅಷ್ಟೇ, ಕೂಡಲೇ ಬೇರೆ ಮಾತು. ಬೀಗರಿಗೆ, ದೂರದ ನೆಂಟರಿಗೆ: "ಚರ್ಮದ ಗಡ್ಡೆ ಅಣ್ಣ, ಆಪರೇಷನ್ ಆಯ್ತು, ಅಂಟೋದೇನಲ್ಲ, ಮೂರು ತಿಂಗಳಿಗೊಂದ್ಸಲ ತೋರಿಸ್ಕೊಂಡು ಬರ್ತೀವಿ." ತೀರಾ ಹತ್ತಿರದವರಿಗೆ ಪೂರ್ತಿ ವಿಷಯ, ಏನು ಸಹಾಯ ಬೇಕು ಅನ್ನುವುದರ ಸಮೇತ. ಕನ್ನಡಿಯ ಮುಂದೆ ಗಟ್ಟಿಯಾಗಿ ನಾಲ್ಕೈದು ಸಲ ಹೇಳಿ ಬಾಯಿಗೆ ರೂಢಿಯಾಗಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಕನ್ನಡಿಯ ವಿಷಯವೇ ಬೇರೆ. ಮುಖದ ಆಪರೇಷನ್ ಆದವರು ಬ್ಯಾಂಡೇಜು ಬಿಚ್ಚಿದ ಮೇಲೆ ಬಾತ್‌ರೂಮಿನಲ್ಲಿ ಒಬ್ಬರೇ ಇದ್ದಾಗ ಮೊದಲ ಸಲ ನೋಡಿಕೊಳ್ಳುವುದು ಕೆಟ್ಟ ದಾರಿ. ಮೊದಲ ನೋಟಕ್ಕೆ ನರ್ಸ್ ಸಿಸ್ಟರೋ, ಮುಖ ಸಿಂಡರಿಸದ ನೆಂಟರೋ ಪಕ್ಕ ಇರಲಿ. ಮೊದಲು ಅವರು ಬಾಯಲ್ಲಿ ವಿವರಿಸಲಿ: ಹೊಲಿಗೆ ಎಲ್ಲಿಂದ ಎಲ್ಲಿಗೆ, ಊತ ಎಷ್ಟು, ಯಾವುದು ಇಳಿಯುತ್ತದೆ, ಯಾವುದು ಉಳಿಯುತ್ತದೆ. ಆಮೇಲೆ ಡಾಕ್ಟರನ್ನು ಕೇಳಿಕೊಂಡು, ಸೋಪಿನಲ್ಲಿ ತೊಳೆದ ಕೈಯಿಂದ ಸುತ್ತಲಿನ ಚರ್ಮ ಮುಟ್ಟಿ ನೋಡುವುದು, ಆಮೇಲೆ ದೂರದಿಂದ ತೆಗೆದ ಫೋಟೊ, ಕೊನೆಗೆ ಕನ್ನಡಿ, ಮೊದಲ ದಿನ ಒಂದೆರಡು ನಿಮಿಷ ಮಾತ್ರ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಕನ್ನಡಿಗೆ ಬಟ್ಟೆ ಹೊದಿಸಿ ಇಟ್ಟಷ್ಟು ದಿನ ಆ ಮುಖ ಕಲ್ಪನೆಯಲ್ಲಿ ಇನ್ನೂ ವಿಕಾರವಾಗುತ್ತಾ ಹೋಗುತ್ತದೆ. ತೊಡೆಯಿಂದ ಚರ್ಮ ತೆಗೆದ ಜಾಗ ಕಸಿಮಾಡಿದ ಜಾಗಕ್ಕಿಂತ ಹೆಚ್ಚು ಉರಿಯುತ್ತದೆ, ಒಣಗಲು ಸುಮಾರು ಎರಡು ವಾರ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ "ಅಲ್ಲಿಗೂ ಹರಡಿತು" ಎಂದು ಹೆದರುತ್ತಾರೆ. ತೊಡೆಸಂದಿನ ಗ್ರಂಥಿ ತೆಗೆಸಿದವರ ಕಾಲು ಊದಿಕೊಂಡರೆ ಊರಿನವರು ಆನೆಕಾಲು ಅನ್ನುತ್ತಾರೆ. ಇದು ಸೊಳ್ಳೆಯಿಂದ ಬಂದದ್ದಲ್ಲ, ಮೈನೀರು ಹರಿಯುವ ದಾರಿ ಕಡಿದದ್ದರಿಂದ ಆದದ್ದು. ಬಿಗಿ ಕಾಲುಚೀಲ, ಮಲಗುವಾಗ ಕಾಲಡಿಗೆ ದಿಂಬು, ಫಿಸಿಯೋಥೆರಪಿಯಿಂದ ಹತೋಟಿಯಲ್ಲಿಡಬಹುದು.

ಅಂಗಾಲಿಗೆ ಕಸಿಯಾದವರು ವಾರಗಟ್ಟಲೆ ಕಾಲೂರುವಂತಿಲ್ಲ. ಮನಸ್ಸು ಜಾರುವುದು ಹೆಚ್ಚಾಗಿ ಈ ವಾರಗಳಲ್ಲೇ. ದುಡಿದು ಗೊತ್ತಿದ್ದವರಿಗೆ ಸುಮ್ಮನೆ ಮಲಗು ಅನ್ನುವುದು ಶಿಕ್ಷೆ, ಮೇಲಾಗಿ ಸೊಸೆಯ ಕೈಲಿ ನೀರು ಬೇಡುವ ಸ್ಥಿತಿ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆ ಅನ್ನುವುದು ಉಲ್ಟಾ ಲೆಕ್ಕ. ಕೆಲಸ ಮೊದಲು ಬರಬೇಕು, ಮನಸ್ಸು ಅದರ ಹಿಂದೆ ಬರುತ್ತದೆ. ಕೂತಲ್ಲೇ ಆಗುವುದು ಬೇಕಾದಷ್ಟಿದೆ: ಹುಣಸೆ ಬೀಜ ಬಿಡಿಸುವುದು, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವುದು, ಮಂಡಿಯ ಪಟ್ಟಿ ಲೆಕ್ಕ ನೋಡುವುದು, ಹಾಲಿನ ಡೈರಿಯ ಪುಸ್ತಕ ಬರೆಯುವುದು. ಬೆಳಿಗ್ಗೆ ಒಂದು, ಸಂಜೆ ಒಂದು, ಇಷ್ಟು ಹೊತ್ತಿಗೆ ಎಂದು ಗೊತ್ತುಮಾಡಿ. ಮುಖದ ಮೇಲೆ ಆಗಿದ್ದವರು, ತೊನ್ನಿನ ಮೇಲೆ ಆಗಿದ್ದವರು, ಹುಟ್ಟಿನಿಂದ ಮೈ ಬಿಳಿಚಿಕೊಂಡವರು ಬಿಸಿಲಿನಿಂದ ಕಾಪಾಡಿಕೊಳ್ಳಲೇಬೇಕು. ಅದಕ್ಕಾಗಿ ಹೊಲ ಬಿಡಬೇಕಾಗಿಲ್ಲ. ಬೆಳಿಗ್ಗೆ 10ರಿಂದ 4ರವರೆಗಿನ ಬಿಸಿಲು ತಪ್ಪಿಸಿ, ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇದ್ದರೆ ಸರಿ. ತಲೆಗೆ ಸುತ್ತಿದ ಟವೆಲ್ ನೆತ್ತಿ ಕಾಯುತ್ತದೆ, ಮೂಗು ಕಿವಿ ಕಾಯುವುದಿಲ್ಲ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದು, ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಎರಡು ಗಂಟೆಗೊಮ್ಮೆ.

ಮತ್ತೆ ಬರುತ್ತದಾ ಅನ್ನುವ ಭಯ ವಾಸಿಯಾದವರಿಗೂ ಬಿಡುವುದಿಲ್ಲ. ಮೈಮೇಲಿನ ಪ್ರತಿ ಮಚ್ಚೆಯನ್ನೂ ದಿನಕ್ಕೆ ಹತ್ತು ಸಲ ನೋಡುವುದು, ನೆಟ್ಟ ಸಸಿ ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡಿದ ಹಾಗೆ. ದಿನಾ ನೋಡಿದರೆ ಬದಲಾವಣೆಯೂ ಕಾಣುವುದಿಲ್ಲ, ಭಯವೂ ಇಳಿಯುವುದಿಲ್ಲ. ತಿಂಗಳಿಗೊಮ್ಮೆ, ನೆನಪಿಗೆ ಹುಣ್ಣಿಮೆ ದಿನ ಅಂತಿಟ್ಟುಕೊಳ್ಳಿ, ಹತ್ತು ನಿಮಿಷ, ಬೆಳಕಿನಲ್ಲಿ. ಗಾಯದ ಕಲೆ, ಅಂಗಾಲು, ಬೆರಳ ಸಂದಿ, ಉಗುರು, ಬೆನ್ನು (ಇದನ್ನು ಇನ್ನೊಬ್ಬರು ನೋಡಬೇಕು), ತೊಡೆಸಂದು ಕಂಕುಳಲ್ಲಿ ಗಂಟು. ಅನುಮಾನ ಬಂದದ್ದಕ್ಕೆ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ. ಹೊಸ ಗಂಟು, ರಕ್ತ, ಬೆಳೆಯುವ ಕಲೆ ಇದ್ದರೆ ಆ ವಾರವೇ ಆಸ್ಪತ್ರೆ, ಇಲ್ಲದಿದ್ದರೆ ಮುಂದಿನ ಹುಣ್ಣಿಮೆಯವರೆಗೆ ಮುಟ್ಟುವಂತಿಲ್ಲ. ಚೆಕಪ್ ಹತ್ತಿರ ಬಂದ ವಾರ ನಿದ್ದೆ ಕೆಡುವುದು, ಸಿಡುಕುವುದು ಎಲ್ಲರಿಗೂ ಆಗುತ್ತದೆ, ಮನೆಯವರಿಗೆ ಅದು ಗೊತ್ತಿದ್ದರೆ ಜಗಳ ತಪ್ಪುತ್ತದೆ. ಸಂಜೆ ಇಪ್ಪತ್ತು ನಿಮಿಷ ಚಿಂತೆಗೇ ಅಂತ ಇಟ್ಟು, ತಲೆಗೆ ಬಂದದ್ದನ್ನೆಲ್ಲ ಬರೆದೋ ಹೇಳಿಯೋ ಮುಗಿಸಿ, ಬೇರೆ ಹೊತ್ತಿನಲ್ಲಿ ಬಂದರೆ "ಸಂಜೆಗೆ" ಅಂತ ಮುಂದೂಡುವ ಅಭ್ಯಾಸ ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಇದು ವೇಟಿಂಗ್ ಹಾಲಿನ ಬೆಂಚಿನ ಮೇಲೂ ಆಗುತ್ತದೆ.

ಎಲ್ಲ ಕುಗ್ಗುವಿಕೆಯೂ ಮನಸ್ಸಿನದೇ ಅಂದುಕೊಳ್ಳಬಾರದು. ಮೆಲನೋಮಕ್ಕೆ ಕೊಡುವ, ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೋಥೆರಪಿ ಔಷಧಿಗಳು ಥೈರಾಯ್ಡ್ ಗ್ರಂಥಿಯನ್ನು ಮಂದ ಮಾಡಬಹುದು. ಆಗ ಸುಸ್ತು, ಮಂಕು, ಚಳಿ, ಯಾವುದರಲ್ಲೂ ಮನಸ್ಸಿಲ್ಲ, ನೋಡಿದವರಿಗೆ ಥೇಟ್ ಖಿನ್ನತೆ. ರಕ್ತದ ಟಿಎಸ್‌ಎಚ್ ನೋಡಿ ಥೈರಾಯ್ಡ್ ಮಾತ್ರೆ ಕೊಟ್ಟರೆ ಸರಿಹೋಗುತ್ತದೆ. ಸ್ಟೆರಾಯ್ಡ್ ಮಾತ್ರೆ ನಿದ್ದೆ ಕೆಡಿಸಿ ಸಿಟ್ಟು ತರಿಸುತ್ತದೆ, ಡಾಕ್ಟರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳಬಹುದು, ತಾವೇ ನಿಲ್ಲಿಸುವಂತಿಲ್ಲ. ರಕ್ತಹೀನತೆ, ತಡೆಯದ ನೋವು ಇವೂ ಕಾರಣವಾಗುತ್ತವೆ. ಇವೆಲ್ಲ ನೋಡಿದ ಮೇಲೂ ಎರಡು ವಾರ ಬಿಡದೆ ಬೇಸರ, ಮೊದಲು ಇಷ್ಟವಾಗುತ್ತಿದ್ದುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದಕ್ಕೆ ಚಿಕಿತ್ಸೆ ಬೇಕು. "ಸೊನ್ನೆಯಿಂದ ಹತ್ತರೊಳಗೆ ಈ ವಾರ ನಿಮ್ಮ ಸಂಕಟ ಎಷ್ಟು?" ಎಂದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೇಳುವುದುಂಟು. 4 ಅಥವಾ ಮೇಲೆ ಅಂದರೆ ಮುಂದೆ ವಿಚಾರಿಸಬೇಕೆಂದು ಲೆಕ್ಕ. ಖಿನ್ನತೆಯ ಮಾತ್ರೆ ಹತ್ತಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಚಟವಾಗುವುದಿಲ್ಲ. ಚಟ ಹಿಡಿಸುವುದು ಮೆಡಿಕಲ್ ಸ್ಟೋರಿನಿಂದ ತಾವೇ ತಂದು ನುಂಗುವ ನಿದ್ದೆಮಾತ್ರೆ, ಮತ್ತು ನಿದ್ದೆಗೆಂದು ಶುರುವಾಗುವ ಕ್ವಾರ್ಟರ್.

ಎಲ್ಲಿಗೆ ಹೋಗುವುದು? ಕೋಲಾರದ ಟಮಕದ ಆರ್.ಎಲ್. ಜಾಲಪ್ಪ, ತುಮಕೂರಿನ ಸಿದ್ಧಾರ್ಥ ಮುಂತಾದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಡ್ರೆಸ್ಸಿಂಗಿಗೆ ಹೋದ ದಿನವೇ ಅಲ್ಲಿಗೂ ಚೀಟಿ ಮಾಡಿಸಿದರೆ ಇನ್ನೊಂದು ಬಸ್ ಖರ್ಚು ಉಳಿಯಿತು. ಪಾವಗಡದಿಂದ ಬೆಂಗಳೂರಿಗೆ 150 ಕಿ.ಮೀ.ಗೂ ಹೆಚ್ಚು, ಅಂಥವರಿಗೆ ಇದು ಸಣ್ಣ ಮಾತಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಕಿದ್ವಾಯಿಗೆ ಹೋಗುವವರಿಗೆ ನಿಮ್ಹಾನ್ಸ್ ಅದೇ ರಸ್ತೆಯ ಮಗ್ಗುಲಲ್ಲೇ ಇದೆ.

ದುಡ್ಡಿನ ಚಿಂತೆಗೆ ಕೌನ್ಸೆಲಿಂಗ್ ಮದ್ದಲ್ಲ, ಕಾಗದವೇ ಮದ್ದು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರ್ ಒಂದೇ ಕವರಿನಲ್ಲಿರಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನ ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ, ಆಸ್ಪತ್ರೆಯ ಸರ್ಟಿಫಿಕೇಟು ಬೇಕು. ಬಂಗಾರಪೇಟೆ, ತುಮಕೂರಿನಿಂದ ಓಡಾಡುವವರಿಗೆ ಉಪಯೋಗ.

ಮಕ್ಕಳ ವಿಷಯ ಬೇರೆ. ಸೋದರಮಾವನಿಗೋ ಅತ್ತೆಮಗನಿಗೋ ಕೊಟ್ಟ ಮನೆಗಳಲ್ಲಿ ಅಪರೂಪಕ್ಕೆ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಇರುವ ಮಗು ಹುಟ್ಟುತ್ತದೆ. ಎರಡು ವರ್ಷದೊಳಗೇ ಮುಖದ ತುಂಬಾ ಚುಕ್ಕೆ, ಬೆಳಕಿಗೆ ಕಣ್ಣು ಬಿಡದು, ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರಬಹುದು. ದೋಷ ತಾಯಿಯದೆಂದು ಅವಳನ್ನು ತವರಿಗೆ ಕಳಿಸುವುದೂ ಉಂಟು. ಈ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದಿರಲೇಬೇಕು, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇದನ್ನು ಗಂಡನ ಕಡೆಯ ಹಿರಿಯರನ್ನೂ ಕೂರಿಸಿಕೊಂಡು ಹೇಳಿಸಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಇಂಥ ಸಲಹೆ ಸಿಗುತ್ತದೆ.

ಕೈ ಮೀರಿದ ಹಂತದಲ್ಲಿ ಮನುಷ್ಯನನ್ನು ಒಂಟಿ ಮಾಡುವುದು ನೋವಿಗಿಂತ ಹುಣ್ಣಿನ ವಾಸನೆ. ಮೊಮ್ಮಗು ಮೂಗು ಮುಚ್ಚಿಕೊಂಡದ್ದನ್ನು ನೋಡಿದ ಅಜ್ಜ ಬಾಗಿಲು ಹಾಕಿಕೊಳ್ಳುತ್ತಾನೆ. ಇದಕ್ಕೆ ಉಪಾಯವಿದೆ, ಕೇಳುವವರು ಕಡಿಮೆ. ಗಾಯದ ಮೇಲೆ ಮೆಟ್ರೊನಿಡಜೋಲ್ ಜೆಲ್ ಅಥವಾ ಪುಡಿಮಾಡಿದ ಅದೇ ಮಾತ್ರೆ ಹಾಕುವುದನ್ನು ಉಪಶಮನ ಚಿಕಿತ್ಸೆಯಲ್ಲಿ ಬಹುಕಾಲದಿಂದ ಮಾಡುತ್ತಿದ್ದಾರೆ, ಡಾಕ್ಟರು ಬರೆದುಕೊಟ್ಟರೆ ಕೆಲವೇ ದಿನದಲ್ಲಿ ವಾಸನೆ ತಗ್ಗುತ್ತದೆ. ಡ್ರೆಸ್ಸಿಂಗ್ ಸಲೈನಿನಲ್ಲಿ ನೆನೆಸಿ ಬಿಚ್ಚಿದರೆ ರಕ್ತ, ನೋವು ಕಡಿಮೆ. ನೋವಿಗೆ ಮಾರ್ಫಿನ್ ಮಾತ್ರೆ ಹೊತ್ತಿಗೆ ಸರಿಯಾಗಿ. ಮನೆಯಲ್ಲಿ ನೋಡಿಕೊಳ್ಳಲಾಗದಿದ್ದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

"ನಿಮಗೆ ಭಾರವಾದೆ, ಹೋಗಿಬಿಟ್ರೆ ಸಾಕು" ಅನ್ನುವ ಮಾತು ಬಂದರೆ "ಹಾಗೆಲ್ಲ ಅನ್ಬೇಡಿ ಮಾವ" ಅಂತ ಬಾಯಿ ಮುಚ್ಚಿಸಬೇಡಿ. "ಜೀವ ಕಳ್ಕೋಬೇಕು ಅನ್ಸುತ್ತಾ ಮಾವ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಹೊಸದಾಗಿ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರು, ಇಲ್ಲವೇ 14416. ತೋಟಕ್ಕೆ ಹೊಡೆಯುವ ಔಷಧಿ ಡಬ್ಬ ಮನೆಯೊಳಗೆ ಇದ್ದರೆ ಅವತ್ತೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ, ಬೀಗದ ಕೈ ಆ ಮನೆಯವರ ಹತ್ತಿರವೇ ಇರಲಿ.

ದಿನಾ ಡ್ರೆಸ್ಸಿಂಗ್ ಮಾಡುವವಳು ಹೆಚ್ಚಾಗಿ ಹೆಂಡತಿ ಅಥವಾ ಸೊಸೆ. ಅವಳ ನಿದ್ದೆ, ಊಟ ವಿಚಾರಿಸುವವರು ಇರುವುದಿಲ್ಲ. ವಾರಕ್ಕೆ ಎರಡು ದಿನ ಆ ಕೆಲಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಮಾಡಿಸಬಹುದು. ಗಂಡುಮಕ್ಕಳೂ ಗ್ಲೌಸು ಹಾಕಿಕೊಂಡು ಕಲಿಯಬಹುದು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಇಬ್ಬರಿಗೆ ತೋರಿಸಿಕೊಡಿ ಎಂದು ಕೇಳಿದರೆ ತೋರಿಸಿಕೊಡುತ್ತಾರೆ.